ಹೆಲ್ಮೆಟ್ ಮುಟ್ಟಿದ ಕೈ

"ತಪ್ಪು ನನ್ನದು, ಸರ್," ಎಂದ ಡೇಲನ್ ವಿಕ್ಸ್. ಪರದೆಯ ಮೇಲೆ, ಪಂದ್ಯ ಸೋಲಿಸಿದ ಅವನ ಕೊನೆಯ ಎಸೆತ ಆಗಷ್ಟೇ ಎದುರಾಳಿಯ ಎದೆಗೆ ಹೋಗಿ ಕೂತಿತ್ತು.

ಆರ್ವಿಲ್ ಟ್ಯಾಕೆಟ್ ವಿಡಿಯೋ ನಿಲ್ಲಿಸಿದ. ಕಾಲೇಜಿನ ಈ ಕಿಟಕಿಯಿಲ್ಲದ ಕೋಣೆಯಲ್ಲಿ, ಇಂಥವೇ ಇನ್ನೆಷ್ಟೋ ಕೋಣೆಗಳಲ್ಲಿ, ಈ ಮಾತನ್ನು ಕೇಳಿ ಕೇಳಿ ಅವನ ಕಿವಿ ಜಡ್ಡುಗಟ್ಟಿತ್ತು. ಚೆಂಡನ್ನು ಕೈಯಲ್ಲಿ ಎಸೆದು ಹಿಡಿದು ಆಡುವ ಅಮೆರಿಕನ್ ಫುಟ್ಬಾಲಿನ ವೃತ್ತಿಪರ ತಂಡವೊಂದರ ಪರವಾಗಿ ಊರೂರು ಅಲೆದು ಕಾಲೇಜು ಹುಡುಗರನ್ನು ತೂಗಿ ನೋಡುವುದು ಅವನ ಕಸುಬು. ಓಟವನ್ನು ಗಡಿಯಾರ ಅಳೆಯುತ್ತದೆ, ತೋಳಿನ ಬಲ ಯಾರ ಕಣ್ಣಿಗಾದರೂ ಬೀಳುತ್ತದೆ. ಆದರೆ ಇಡೀ ತಂಡ ಯಾರ ಮುಖ ನೋಡಿಕೊಂಡು ಹೆಜ್ಜೆ ಎತ್ತುತ್ತದೆಯೋ ಆ ಕ್ವಾರ್ಟರ್‌ಬ್ಯಾಕ್‌ನ ಒಳಗೇನಿದೆ ಎಂದು ಹೇಳಲು ಟ್ಯಾಕೆಟ್‌ನಂಥವನೇ ಬೇಕು. ಈಚೆಗೆ ಅದೂ ಕಷ್ಟವಾಗಿತ್ತು. ಆಯ್ಕೆಯ ದಿನ ಹತ್ತಿರವಾಗುತ್ತಲೇ ಏಜೆಂಟರು ಹುಡುಗರನ್ನು ಬಾಡಿಗೆ ಗುರುಗಳ ಕೈಗೆ ಒಪ್ಪಿಸಿ, ಹೇಗೆ ಕೂರಬೇಕು, ಎಲ್ಲಿ ನಗಬೇಕು, ಯಾವ ಪ್ರಶ್ನೆಗೆ ಕಣ್ಣು ತಗ್ಗಿಸಬೇಕು ಎಂಬುದನ್ನೆಲ್ಲ ಬಾಯಿಪಾಠ ಮಾಡಿಸುತ್ತಿದ್ದರು. ಆ ಪಾಠದ ಮೊದಲ ಸಾಲೇ ಇದು: ತಪ್ಪನ್ನು ನಿನ್ನ ತಲೆಯ ಮೇಲೆ ಹಾಕಿಕೋ, ಮುದುಕರು ಕರಗುತ್ತಾರೆ.

ಬೆಳಿಗ್ಗೆ ಹೋಟೆಲಿನಲ್ಲಿ ಕಾಫಿ ತಂದಿಟ್ಟ ಹೆಂಗಸಿಗೆ ಡೇಲನ್ ಎದ್ದು ನಿಂತು ಥ್ಯಾಂಕ್ಸ್ ಹೇಳಿದ್ದ. ಅದೂ ಟ್ಯಾಕೆಟ್‌ಗೆ ಹಿಡಿಸಿರಲಿಲ್ಲ. ಬೆಳ್ಳಗಿರುವುದನ್ನೆಲ್ಲ ಹಾಲೆಂದು ನಂಬುವ ವಯಸ್ಸನ್ನು ಅವನು ದಾಟಿ ಬಹಳ ಕಾಲವಾಗಿತ್ತು.

"ಚೆಂಡು ಎತ್ತೋಕೆ ಮುಂಚೆ ನೀನು ಹೇಳಿದ್ದೇನು?"

"ಟೆರೆಲ್ ಹೊರಗಡೆ, ಗೆರೆ ಪಕ್ಕ ಓಡಬೇಕು ಅಂತ, ಸರ್."

"ನೀನು ಎಸೆದಿದ್ದೂ ಅಲ್ಲಿಗೇ. ಹಿಡೀಬೇಕಿದ್ದ ಅವನು ಒಳಗಡೆ ತಿರುಗಿಬಿಟ್ಟ. ಮತ್ತೆ ತಪ್ಪು ನಿಂದು ಹೇಗಯ್ಯಾ ಆಯ್ತು?"

ಹುಡುಗನ ಕಿವಿ ಕೆಂಪೇರಿತು. "ನಂದೇ ಸರ್. ಅದಕ್ಕಿಂತ ಹೆಚ್ಚು ಹೇಳೋ ಹಾಗಿಲ್ಲ."

"ಹೇಳೋ ಹಾಗಿಲ್ವೋ, ನಿಂಗೆ ಹೇಳಿಕೊಟ್ಟಿದ್ದೇ ಅಷ್ಟೋ?"

ಡೇಲನ್ ತನ್ನ ಅಂಗೈ ನೋಡುತ್ತ ಕೂತ. ಅದನ್ನೂ ಯಾರೋ ಕಲಿಸಿರಬೇಕು ಎಂದುಕೊಂಡ ಟ್ಯಾಕೆಟ್.

ಹೊರಗೆ ಕಾರಿನ ಬಳಿ ನಿಂತು ಅವನು ತನ್ನ ಮೇಲಧಿಕಾರಿ ಮೆರಿಟ್‌ಗೆ ಫೋನ್ ಮಾಡಿದ. "ತೋಳು ಚಿನ್ನ, ಕಾಲು ಚಿನ್ನ. ಆದ್ರೆ ಸುಳ್ಳು ಹೇಳ್ತಾನೆ."

"ಎಂಥ ಸುಳ್ಳು?"

"ಒಳ್ಳೇವನ ಥರ ಕಾಣೋ ಸುಳ್ಳು."

"ಅಯ್ಯೋ ಮಾರಾಯಾ, ಅದನ್ನ ದಿನಾ ನನ್ನ ಹೆಂಡ್ತಿ ಹತ್ರ ನಾನೂ ಹೇಳ್ತೀನಿ!"

"ನಿನ್ನ ನಂಬಿ ಹತ್ತು ಜನ ಮೈದಾನಕ್ಕೆ ಇಳಿಯಲ್ಲ."

ಮೆರಿಟ್ ನಗು ನಿಲ್ಲಿಸಿದ. "ಯೋಚನೆ ಮಾಡಿ ಹೇಳು. ಅಷ್ಟು ದೂರ ಹೋಗಿ ಅವನನ್ನ ನೋಡಿರೋದು ನಾವೊಬ್ರೇ. ನಮ್ಮ ಆಯ್ಕೆ ಹಲಗೆ ಮೇಲಿಂದ ಅವನ ಹೆಸರಿನ ಚೀಟಿ ನಾವು ಕಿತ್ತರೆ ಅವನ ಆಟ ಅಲ್ಲಿಗೆ ಮುಗೀತು. ಸಂಜೆ ಮಾಲೀಕರು ಹಲಗೆ ನೋಡೋಕೆ ಬರ್ತಾರೆ. ಆಮೇಲೆ ಮತ್ತೆ ಹಚ್ಚು ಅಂದ್ರೆ ನಡೆಯಲ್ಲ."

"ಕೀಳು," ಎಂದ ಟ್ಯಾಕೆಟ್.

ಅಷ್ಟಕ್ಕೇ ಊರಿಗೆ ಹೊರಡಬಹುದಿತ್ತು. ಆದರೆ ಅನುಮಾನವೆಂಬುದು ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರು. ನಾಲಿಗೆ ಅಲ್ಲಿಗೇ ಹೋಗುತ್ತದೆ. ಆ ಚೆಂಡನ್ನು ಹಿಡಿಯಬೇಕಿದ್ದ ಟೆರೆಲ್ ಗ್ಯಾಂಟ್ ಈಗ ಊರಾಚೆ ತನ್ನ ಸೋದರಮಾವನ ಟಯರ್ ಅಂಗಡಿಯಲ್ಲಿದ್ದಾನೆಂದು ಕೇಳಿದ್ದ ಟ್ಯಾಕೆಟ್, ಹಿಂದಿನ ಚಕ್ರದಲ್ಲಿ ಏನೋ ಸದ್ದು ಬರುತ್ತಿದೆಯೆಂಬ ನೆಪ ಹೂಡಿ ಕಾರನ್ನು ಅಲ್ಲಿಗೆ ತಿರುಗಿಸಿದ.

ಟೆರೆಲ್ ಜಾಕ್ ಕೊಟ್ಟು ಕಾರು ಎತ್ತಿ, ಚಕ್ರ ತಿರುಗಿಸಿ, ಕಿವಿಗೊಟ್ಟು ಕೇಳಿದ. "ಏನೂ ಇಲ್ಲ ಯಜಮಾನ್ರೇ. ಬೆಣ್ಣೆ ಥರ ತಿರುಗ್ತಿದೆ."

"ಇನ್ನೊಂದ್ಸಲ ನೋಡು."

ಟೆರೆಲ್ ಅವನ ಟೋಪಿಯ ಮೇಲಿನ ತಂಡದ ಗುರುತನ್ನು ಕಂಡು ನಕ್ಕ. "ಚಕ್ರ ನೋಡ್ಲೋ, ಡೇಲನ್ ವಿಷಯ ಹೇಳ್ಲೋ?"

"ಅವನು ಫೋನ್ ಮಾಡಿದ್ನಾ? ಏನು ಹೇಳಬೇಕು ಅಂತ ಹೇಳಿಕೊಟ್ನಾ?"

"ನೀವು ಇಲ್ಲಿಗೆ ಬರ್ತೀರ ಅಂತ ಬೆಳಿಗ್ಗೆ ನಿಮಗೇ ಗೊತ್ತಿತ್ತಾ, ಯಜಮಾನ್ರೇ?"

ಟ್ಯಾಕೆಟ್ ಗಂಟಲು ಸರಿಮಾಡಿಕೊಂಡ. "ಆ ಕೊನೇ ಚೆಂಡು ತನ್ನ ತಪ್ಪು ಅಂದ."

"ಅವನದ್ದೇ." ಟೆರೆಲ್ ಕೈಯ ಮಸಿಯನ್ನು ಬಟ್ಟೆಗೆ ಒರೆಸಿಕೊಂಡ. "ಕೂಗಿ ಹೇಳಿದ್ದು ಹೊರಗಡೆ ಅಂತಾನೇ. ಆಮೇಲೆ ನನ್ನ ನೋಡಿ ಹೆಲ್ಮೆಟ್‌ನ ಕಿವಿ ಹತ್ರ ಮುಟ್ಟಿದ. ನಮ್ಮಲ್ಲಿ ಹಂಗಂದ್ರೆ ಮಾತು ಬದಲು, ಒಳಗೆ ತಿರುಗು ಅಂತ. ನಾನು ತಿರುಗಿದೆ. ಪಾಪ, ಅವನು ಮುಟ್ಟಿದ್ದು ಹೆಲ್ಮೆಟ್ ಒತ್ತುತ್ತಿತ್ತು ಅಂತ."

"ಹಾಗಂತ ಅವನು ಯಾಕೆ ಹೇಳಲಿಲ್ಲ?"

"ಬರೋ ವರ್ಷದ ಹುಡುಗರೂ ಅದೇ ಸನ್ನೇಲಿ ಆಡಬೇಕಲ್ಲ. ಹೊರಗಿನೋರ ಮುಂದೆ ಬಾಯಿ ಬಿಡಲ್ಲ ಅಂತ ಕೋಚ್ ಎಲ್ಲರ ಹತ್ರ ಆಣೆ ಮಾಡಿಸ್ತಾರೆ. ನಂಗೇನು, ನಾನೀಗ ಟಯರ್‌ನೋನು." ಅವನು ಕಾರಿನ ಬದಿಗೆ ಒರಗಿದ. "ಪೇಪರಿನೋರಿಗೂ ಅವನು ಅಷ್ಟೇ ಹೇಳಿದ, ತಪ್ಪು ನಂದು ಅಂತ. ಯಾರೂ ನಂಬ್ಲಿಲ್ಲ. ಎಂಥಾ ದೊಡ್ಡ ಮನಸ್ಸು ಅಂತ ಅವನನ್ನ ಹೊಗಳಿ, ನಂಗೆ ಇನ್ನೂ ನಾಲ್ಕು ಬೈದ್ರು. ಚರ್ಚಿನಲ್ಲೂ ನನ್ನ ಪಕ್ಕ ಕೂರೋರಿಲ್ಲ."

"ವಿಡಿಯೋದಲ್ಲಿ ಅಂಥ ಸನ್ನೆ ಇಲ್ಲ."

"ನಿಮಗೆ ಕೊಡೋ ವಿಡಿಯೋ ಚೆಂಡು ಎದ್ದ ಮೇಲೆ ಶುರು ಆಗುತ್ತೆ."

ಅದು ನಿಜ. ಆಟದ ನಡುವಿನ ನಿಲುಗಡೆಗಳನ್ನೆಲ್ಲ ಕತ್ತರಿಸಿ ಕಳಿಸುವುದೇ ರೂಢಿ. ಕಾಯುವ ಮುಖಗಳನ್ನು ನೋಡಲು ಯಾರಿಗೆ ಪುರುಸೊತ್ತು? ಟೆರೆಲ್ ತನ್ನ ಫೋನ್ ತೆಗೆದು ಹಿಡಿದ. ಅವನ ತಾಯಿ ಗ್ಯಾಲರಿಯಲ್ಲಿ ಕೂತು ತೆಗೆದದ್ದು. ಆ ತಾಯಿಗೆ ಚೆಂಡು ಬೇಕಿರಲಿಲ್ಲ, ಮಗ ಬೇಕಿತ್ತು. ಚೌಕಟ್ಟಿನ ತುಂಬ ಟೆರೆಲ್ ಒಬ್ಬನೇ. ಅವನು ಚೌಕಟ್ಟಿನಾಚೆಯ ಯಾರನ್ನೋ ನೋಡುತ್ತಾನೆ, ತಲೆಯಾಡಿಸುತ್ತಾನೆ, ಓಡುತ್ತಾನೆ, ಒಳಕ್ಕೆ ತಿರುಗುತ್ತಾನೆ. ಗ್ಯಾಲರಿ ಶಾಪ ಹಾಕುತ್ತದೆ. ಅವನು ಹುಲ್ಲಿನ ಮೇಲೆ ಕುಸಿಯುತ್ತಾನೆ. ಆಗ ಚೌಕಟ್ಟಿನ ಅಂಚಿನಿಂದ ಡೇಲನ್ ಓಡಿಬಂದು ಅವನೆದುರು ಮಂಡಿಯೂರಿ, ತನ್ನ ಹೆಲ್ಮೆಟ್‌ನ ಕಿವಿಯನ್ನು ಮುಷ್ಟಿಯಿಂದ ಗುದ್ದಿಕೊಳ್ಳುತ್ತಾನೆ, ಮತ್ತೆ ಮತ್ತೆ.

ಟ್ಯಾಕೆಟ್ ಅದನ್ನು ಹಿಂದಕ್ಕೆಳೆದು ನೋಡಿದ. ಸುತ್ತ ಕ್ಯಾಮೆರಾಗಳಿವೆಯೆಂದು ಹುಡುಗನಿಗೆ ಗೊತ್ತಿತ್ತೇ? ಗೊತ್ತಿದ್ದರೆ ಮುಖ ಆ ಕಡೆಗಿರಬೇಕಿತ್ತು. ಇನ್ನೊಮ್ಮೆ ನೋಡಿದ. ಮುಖ ಟೆರೆಲ್‌ನ ಕಡೆಗಿತ್ತು. ಫೋನನ್ನು ಹಿಂದಿರುಗಿಸಿ, ಬಿಸಿಲಿಗೆ ನಾಲ್ಕು ಹೆಜ್ಜೆ ಸರಿದು ಮೆರಿಟ್‌ಗೆ ಕರೆ ಮಾಡಿದ.

"ಚೀಟಿ ಕಿತ್ಯಾ?"

"ಕೈಯಲ್ಲೇ ಇದೆ. ಮಾಲೀಕರು ಕೆಳಗೆ ಬಂದಾಯ್ತು."

"ಮತ್ತೆ ಹಚ್ಚು."

"ಏನಯ್ಯಾ ನೀನು! ಸುಳ್ಳು ಹೇಳ್ತಾನೆ ಅಂದ್ಯಲ್ಲ?"

"ಹೇಳಿಲ್ಲ."

"ಖಂಡಿತಾನಾ?"

ಈ ಕಸುಬಿಗೆ ಇಳಿದ ಮೇಲೆ 'ಖಂಡಿತ' ಎಂಬ ಮಾತನ್ನು ಟ್ಯಾಕೆಟ್ ಯಾರ ಬಗ್ಗೆಯೂ ಆಡಿರಲಿಲ್ಲ. ಬಿಸಿಲು ಕಣ್ಣಿಗೆ ಹೊಡೆಯಿತು. "ಹಚ್ಚು," ಎಂದಷ್ಟೇ ಹೇಳಿ, ಟೋಪಿಯ ಅಂಚನ್ನು ಬೆರಳಿಂದ ಹಿಡಿದು ಕೆಳಕ್ಕೆಳೆದುಕೊಂಡ.

ಕಾರಿನ ಆಚೆ ಬದಿಯಲ್ಲಿ ನಿಂತಿದ್ದ ಟೆರೆಲ್ ಅದನ್ನು ನೋಡಿದ. ಸರಿ ಎಂಬಂತೆ ತಲೆಯಾಡಿಸಿ, ಬಗ್ಗಿ ಜಾಕ್‌ನ ಹಿಡಿ ತಿರುಗಿಸಿದ. ಇಳಿಸೆಂದು ಯಾರೂ ಹೇಳಿರದ ಕಾರು ಉಸಿರು ಬಿಡುತ್ತ ಮೆಲ್ಲಗೆ ನೆಲಕ್ಕೆ ಇಳಿಯತೊಡಗಿತು.