ಹಲಗೆಯ ಈಚೆ ಅಂಚು

ಎರಡನೆಯ ಸಲವೂ ಕೆಂಪು ಬಾವುಟವೇ ಮೇಲೆದ್ದಿತು. ಉದ್ದಜಿಗಿತದ ಮರಳಿನಿಂದ ಎದ್ದು ಬಂದ ಸಿಗ್ನೆ ಅದರ ಕಡೆ ತಿರುಗಿಯೂ ನೋಡಲಿಲ್ಲ. ಬಲತೊಡೆಯ ಹಿಂಭಾಗವನ್ನು ಒತ್ತಿ ಹಿಡಿದುಕೊಂಡು ನೇರ ತನ್ನ ಬೆಂಚಿಗೆ ಹೋಗಿ, ತಲೆಯ ಮೇಲೆ ಟವೆಲ್ ಎಳೆದುಕೊಂಡು ಕೂತುಬಿಟ್ಟಳು.

ಸೆಲೆಸ್ಟಿನ್ ಕಂಬಿಯ ಹೊರಗೆ ನಿಂತು ನೋಡುತ್ತಿದ್ದಳು. ಮೊದಲ ಸುತ್ತಿನ ಮೂರರಲ್ಲಿ ಇನ್ನುಳಿದದ್ದು ಒಂದು ಜಿಗಿತ. ಅದೂ ಫೌಲ್ ಆದರೆ ಸಿಗ್ನೆ ಹೊರಗೆ. ಆರು ಮೀಟರ್ ಎಪ್ಪತ್ತು ಹಾರಿದರೆ ರಿಯೋ ಒಲಿಂಪಿಕ್ಸ್, ಇಲ್ಲದಿದ್ದರೆ ಮನೆ. ಗಡುವಿನೊಳಗೆ ಸಿಗ್ನೆಗೆ ಉಳಿದಿದ್ದ ಕಡೆಯ ಕೂಟ ಪುತ್ರಜಯಾದ ಇದೊಂದೇ.

ಸಿಗ್ನೆ ಸ್ವೀಡನ್ನಿನವಳು. ಹತ್ತೊಂಬತ್ತರಲ್ಲೇ ಪದಕ ಕೊರಳಿಗೆ ಹಾಕಿಕೊಂಡು, ಊರವರಿಂದ ಹೊಗಳಿಸಿಕೊಂಡು ಬೆಳೆದವಳು. ಆಮೇಲೆ ಯುರೋಪಿನ ಒಂದು ಫೈನಲ್‌ನಲ್ಲಿ ಮೂರಕ್ಕೆ ಮೂರೂ ಫೌಲ್ ಮಾಡಿದಳು. ಕಾಲಿದೆ, ಗುಂಡಿಗೆಯಿಲ್ಲ ಎಂದು ಅಲ್ಲಿನ ಪತ್ರಿಕೆಗಳು ಬರೆದವು. ಕುರ್ಚಿಯಲ್ಲಿ ಕೂತು ಬರೆಯುವವರಿಗೇನು, ಗುಂಡಿಗೆ ಎಲ್ಲರಿಗೂ ಗಟ್ಟಿಯೇ ಇರುತ್ತದೆ! ಆದರೆ ಆ ಮಾತು ಅವಳೊಳಗೆ ಇಳಿದುಬಿಟ್ಟಿತು. ಸಂಘದವರು ಕೈಬಿಟ್ಟ ಮೇಲೆ, ಹಿಮದ ತಿಂಗಳುಗಳಲ್ಲಿ ಮಲೇಷ್ಯಾದ ಈ ಸೆಕೆಗೆ ಬಂದು ಒಬ್ಬಳೇ ಅಭ್ಯಾಸ ಮಾಡತೊಡಗಿದಳು. ಅವಳ ಕಾಲು ನೋಡಿಕೊಳ್ಳುತ್ತಿದ್ದವಳು ಮಂಗಳೂರಿನಿಂದ ಬಂದು ಇಲ್ಲೇ ನೆಲೆಸಿದ ಫಿಸಿಯೋಥೆರಪಿಸ್ಟ್ ಸೆಲೆಸ್ಟಿನ್. ಬರಬರುತ್ತಾ ಊಟ, ಅಳು, ಜಗಳ ಎಲ್ಲ ಅವಳ ಮನೆಯಲ್ಲೇ ಆಯಿತು.

ಇವತ್ತಿನ ಎಡವಟ್ಟು ಮಳೆಯಿಂದ ಶುರುವಾದದ್ದು. ಸ್ಪರ್ಧೆಗೆ ಮುಂಚೆ ಮಳೆ ಸುರಿದು, ಓಟದ ದಾರಿಯ ಪಕ್ಕ ಸಿಗ್ನೆ ಅಂಟಿಸಿದ್ದ ಗುರುತಿನ ಪಟ್ಟಿ ಕಿತ್ತು ಹೋಯಿತು. ಓಟ ಶುರುಮಾಡುವುದು ಆ ಪಟ್ಟಿಯಿಂದಲೇ. ಅದು ಸರಿಯಾದ ಜಾಗದಲ್ಲಿದ್ದರೆ ಕಾಲು ತಾನಾಗಿ ಜಿಗಿಯುವ ಹಲಗೆಗೆ ಬಂದು ಬೀಳುತ್ತದೆ; ಹಲಗೆ ದಾಟಿ ಬಿದ್ದರೆ ಫೌಲ್. ಮಳೆ ನಿಂತಾಗ ಅಭ್ಯಾಸಕ್ಕೆ ಹೊತ್ತು ಉಳಿದಿರಲಿಲ್ಲ. ಸಿಗ್ನೆಯ ಕಾಲು ತಣ್ಣಗಾಗಬಾರದೆಂದು ಅವಳನ್ನು ಸೂರಿನಡಿ ಬಿಟ್ಟು, ಸೆಲೆಸ್ಟಿನ್ ತಾನೇ ಟೇಪು ಹಿಡಿದು ಓಡಿದ್ದಳು. ಹಲಗೆಯ ಆಚೆ ಅಂಚಿಗೆ, ಮರಳಿನ ಬದಿಗೆ, ಟೇಪಿನ ತುದಿ ಒತ್ತಿ ಅಳೆದು, ಹೊಸ ಪಟ್ಟಿ ಅಂಟಿಸಿ ಬಂದಳು. ಎಲ್ಲರೂ ಅಳೆಯುವುದು ಹಾಗೆಯೇ.

ಸಿಗ್ನೆಯೊಬ್ಬಳು ಹಾಗಲ್ಲ. ಅವಳ ಅಳತೆ ಹಲಗೆಯ ಈಚೆ ಅಂಚಿನಿಂದ, ಓಡಿ ಬರುವ ಕಡೆಯಿಂದ. ಮರಳಿನ ಬದಿಯ ಅಂಚಿನಿಂದ ಅಳೆದರೆ ಮನಸ್ಸು ಅಲ್ಲೇ ಕೂತುಬಿಡುತ್ತದೆ ಎಂದು ಅವಳಿಗೆ ಮೊದಲು ಕಲಿಸಿದ ಮುದುಕಿ ಹೇಳಿದ್ದಳಂತೆ. ಸೆಲೆಸ್ಟಿನ್‌ಗೆ ಇದು ಗೊತ್ತಿತ್ತು, ಕೇಳಿ ನಕ್ಕೂ ಇದ್ದಳು. ಅವಸರದಲ್ಲಿ ಮರೆತಿದ್ದಳು, ಅಷ್ಟೆ. ಪಟ್ಟಿ ಒಂದು ಹಲಗೆಯ ಅಗಲದಷ್ಟು ಮುಂದೆ ಬಂದು ಕೂತಿತ್ತು.

ಮೊದಲ ಜಿಗಿತದಲ್ಲಿ ಕೆಂಪು ಬಾವುಟ ಕಂಡಾಗ ಸೆಲೆಸ್ಟಿನ್‌ಳ ಕಣ್ಣು ತನ್ನ ಹೆಬ್ಬೆರಳಿನ ಮೇಲೆ ಬಿತ್ತು. ಉಗುರಿನ ಸಂದಿಯಲ್ಲಿ ಒದ್ದೆ ಮರಳು. ಅಳೆದದ್ದು ಮರಳಿನ ಕಡೆಯಿಂದ ಎಂದು ಆಗ ಹೊಳೆಯಿತು. ಆಗಲೇ ಹೇಳಬೇಕಿತ್ತು. ಆದರೆ ಸಿಗ್ನೆ ಕಂಬಿಯ ಬಳಿ ಬಂದು, "ಗುರುತು ಸರಿಯಾಗೇ ಇರುತ್ತದೆ, ಇಟ್ಟವಳು ನೀನು. ಕೆಟ್ಟಿರುವುದು ನನ್ನ ತಲೆ. ಮತ್ತದೇ ಹೆದರಿಕೆ," ಎಂದು ಇಂಗ್ಲಿಷಿನಲ್ಲಿ ಹೇಳಿ ಹೊರಟುಹೋದಳು. ಆ ನಂಬಿಕೆ ಕೆಡಿಸಲು ಸೆಲೆಸ್ಟಿನ್‌ಗೆ ಮನಸ್ಸಾಗಲಿಲ್ಲ. ಎರಡನೆಯ ಸಲ ಸಿಗ್ನೆ ಹೇಗೂ ಸರಿಮಾಡಿಕೊಳ್ಳುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡಳು. ಸಿಗ್ನೆ ಸರಿಮಾಡಿಕೊಳ್ಳಲು ಹೋಗಿ, ಕೊನೆಯ ಹೆಜ್ಜೆಗಳನ್ನು ಮುರಿದು, ತೊಡೆಯ ಸ್ನಾಯು ಎಳೆಸಿಕೊಂಡಳು.

ಹಲಗೆಯ ಪಕ್ಕದ ಕುರ್ಚಿಯಲ್ಲಿ ಎರಡು ಬಾವುಟ ಹಿಡಿದು ಕೂತಿದ್ದವರು ಗದಗಿನ ಮಕ್ಬೂಲ್. ವಾರವೆಲ್ಲ ಎಂಜಿನಿಯರು, ರಜೆಯಲ್ಲಿ ಅಂಪೈರು. ಕನ್ನಡದವರ ಕೂಟಗಳಲ್ಲಿ ಪರಿಚಯವಾದವರು. ಮಧ್ಯೆ ಒಬ್ಬ ಥಾಯ್ ಹುಡುಗಿ ಜಿಗಿಯಲು ಸಿದ್ಧವಾಗುತ್ತಿದ್ದಾಗ ಸೆಲೆಸ್ಟಿನ್ ಕಂಬಿಯ ಮೇಲೆ ಬಾಗಿದಳು.

"ಮಕ್ಬೂಲ್ ಭಾಯ್, ಒಮ್ಮೆ ಇಲ್ಲಿ ಕೇಳಿ ಮಾರಾಯ್ರೇ."

"ಏನ್ರಿ ಅಕ್ಕಾರ? ಕಾಂಪಿಟಿಶನ್ ನಡದೈತಿ."

"ಅವಳ ಗುರುತು ತಪ್ಪಿ ಉಂಟು. ಒಂದು ಹಲಗೆಯಷ್ಟು ಹಿಂದೆ ತಗೊಳ್ಳಲಿಕ್ಕೆ ಹೇಳ್ತೀರಾ ಪ್ಲೀಸ್?"

ಮಕ್ಬೂಲ್ ಗಾಬರಿಯಿಂದ ಅತ್ತಿತ್ತ ನೋಡಿದರು. "ಬಾವುಟಾ ಹಿಡ್ಕೊಂಡಾಂವ ನಾ. ನಾ ಹೆಂಗ ಹೇಳ್ಲಿ? ನನ್ನ ಎಬ್ಬಿಸಿ ಮನೀಗ ಕಳಸ್ತಾರ."

"ನಾವು ಕನ್ನಡದಲ್ಲಿ ಮಾತಾಡಿದ್ದು ಇಲ್ಲಿ ಯಾರಿಗೆ ಗೊತ್ತಾಗ್ತದೆ?"

"ಅಕೀಗೂ ಗೊತ್ತಾಗೂದಿಲ್ಲಲ್ರಿ!" ಮಕ್ಬೂಲ್ ದನಿ ತಗ್ಗಿಸಿದರು. "ನಿಮ್ಮ ಬಾಯಿ ಯಾರ್ ಕಟ್ಯಾರ? ಅಕೀಗೆ ತಿಳಿಯೋ ಭಾಷಾದಾಗ ನೀವ ಹೇಳ್ರಿ."

ಸೆಲೆಸ್ಟಿನ್‌ಗೆ ಕಪಾಳಕ್ಕೆ ಬಿದ್ದ ಹಾಗಾಯಿತು. ಆ ಮಾತು ತನ್ನ ಬಾಯಿಂದ ಬರಬಾರದು ಎಂಬುದೇ ಅವಳಿಗೆ ಬೇಕಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಸಿಗ್ನೆ ತನ್ನ ಗುಂಡಿಗೆಯನ್ನೇ ಬೈದುಕೊಂಡು ಊರಿಗೆ ಹೋಗುತ್ತಾಳೆ, ಕ್ರಿಸ್ಮಸ್‌ಗೆ ಕಾರ್ಡು ಕಳಿಸುತ್ತಾಳೆ.

ಥಾಯ್ ಹುಡುಗಿ ಹಾರಿದಳು. ಬಿಳಿ ಬಾವುಟ, ಚಪ್ಪಾಳೆ. ಧ್ವನಿವರ್ಧಕ ಸಿಗ್ನೆಯ ಹೆಸರು ಕರೆಯಿತು. ಅವಳು ಟವೆಲ್ ತೆಗೆದು, ಕುಂಟುವುದನ್ನು ಮುಚ್ಚಿಕೊಳ್ಳುತ್ತ ಪಟ್ಟಿಯ ಕಡೆ ನಡೆದಳು. ಜಿಗಿತಕ್ಕೆ ಕೊಟ್ಟ ಒಂದು ನಿಮಿಷದ ಗಡಿಯಾರ ಓಡತೊಡಗಿತು.

"ಸಿಗ್ನೆ!"

ಅವಳು ತಿರುಗಲಿಲ್ಲ. ಸೆಲೆಸ್ಟಿನ್ ಕಂಬಿಯ ಉದ್ದಕ್ಕೂ ಓಡಿದಳು. ಚಪ್ಪಲಿ ಜಾರಿ ಮಂಡಿಯೂರಿ ಬಿದ್ದು, ಬಿದ್ದಲ್ಲಿಂದಲೇ ಗಂಟಲು ಹರಿಯುವ ಹಾಗೆ ಇಂಗ್ಲಿಷಿನಲ್ಲಿ ಕೂಗಿದಳು. "ಗುರುತು ತಪ್ಪು! ನಾನು ಮರಳಿನ ಕಡೆಯಿಂದ ಅಳೆದೆ! ಹೆದರಿಕೆ ಅಲ್ಲ ಸಿಗ್ನೆ, ನಾನು!"

ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು. ಸಿಗ್ನೆ ಪಟ್ಟಿಯನ್ನು ನೋಡಿದಳು, ಹಲಗೆಯನ್ನು ನೋಡಿದಳು, ಆಮೇಲೆ ಇವಳನ್ನು.

"ಯಾವಾಗ ಗೊತ್ತಾಯಿತು?"

ಈಗ ತಾನೇ ಎಂದುಬಿಡಬಹುದಿತ್ತು.

"ಮೊದಲನೆಯದರಲ್ಲೇ," ಎಂದಳು ಸೆಲೆಸ್ಟಿನ್.

ಸಿಗ್ನೆಯ ಮುಖ ಬಿಳುಚಿತು. ಬಗ್ಗಿ ಪಟ್ಟಿಯನ್ನು ಕಿತ್ತಳು. ಕೈ ಅಗಲಿಸಿ ಒಂದು ಗೇಣಿನಷ್ಟು ಹಿಂದಕ್ಕೆ ಅಳೆದು, ಅಂಗೈಯಿಂದ ಬಡಿದು ಅಂಟಿಸಿದಳು. ಗಡಿಯಾರದಲ್ಲಿ ಕೆಲವೇ ಕ್ಷಣ ಉಳಿದಿತ್ತು. ಅವಳು ಓಡಿದಳು.

ಸೆಲೆಸ್ಟಿನ್ ಕಣ್ಣು ಮುಚ್ಚಿದಳು. ಹಲಗೆಯ ಮೇಲೆ ಕಾಲು ಬಿದ್ದ ಸದ್ದು ಕೇಳಿಸಿತು. ಕಣ್ಣು ತೆರೆದಾಗ ಮಕ್ಬೂಲ್ ಎದ್ದು ನಿಂತಿದ್ದರು, ಕೈಯಲ್ಲಿ ಬಿಳಿ ಬಾವುಟ. ಸಿಗ್ನೆ ಮರಳಿನಲ್ಲೇ ಕೂತು ಫಲಕ ನೋಡುತ್ತಿದ್ದಳು. ಆರು ಮೀಟರ್ ಅರವತ್ತಾರು.

ನಾಲ್ಕು ಸೆಂಟಿಮೀಟರ್ ಕಡಿಮೆ. ಮೊದಲ ಎಂಟರೊಳಗೆ ಸೇರಿದ್ದರಿಂದ ಇನ್ನೂ ಮೂರು ಜಿಗಿತ ಅವಳ ಪಾಲಿಗೆ ಬಂದಿತ್ತು. ಆದರೆ ಏಳಲು ಹೋದವಳು ಮತ್ತೆ ಕುಸಿದಳು. ಇಬ್ಬರು ಹಿಡಿದು ನಿಲ್ಲಿಸಿದರು. ಮುಂದೆ ಹಾರುತ್ತೀಯಾ ಎಂದು ಇನ್ನೊಬ್ಬ ಅಂಪೈರು ಕೇಳಿದಾಗ ಅವಳು ಇಲ್ಲವೆಂದು ತಲೆಯಾಡಿಸಿ, ಎದೆಯ ಮೇಲಿನ ಅಂಕಿಯ ಬಟ್ಟೆಯನ್ನು ತಾನೇ ಬಿಚ್ಚಿಕೊಂಡಳು.

ಒಂದೊಂದೇ ಹೆಜ್ಜೆಯಾಗಿ ಕಂಬಿ ದಾಟಿ ಬಂದಳು. ಸೆಲೆಸ್ಟಿನ್ ಬೈಗುಳಕ್ಕೆ ಕಾದು ನಿಂತಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಸಿಗ್ನೆ ಒದ್ದೆ ಬೆಂಚಿನ ಮೇಲೆ ಬೋರಲಾಗಿ ಮಲಗಿ, ಮುಖವನ್ನು ತೋಳಿನಲ್ಲಿ ಹುದುಗಿಸಿಕೊಂಡಳು. ಬೆನ್ನು ಏರಿಳಿಯುತ್ತಿತ್ತು. ತುಸು ಹೊತ್ತಾದ ಮೇಲೆ ನೋವಿನ ಕಾಲನ್ನು ಬೆಂಚಿನ ಅಂಚಿಗೆ ಸರಿಸಿದಳು.

ಸೆಲೆಸ್ಟಿನ್ ಮಂಡಿಯೂರಿ ಕೂತು ಎರಡೂ ಹೆಬ್ಬೆರಳನ್ನು ಅವಳ ತೊಡೆಯ ಮೇಲಿಟ್ಟಳು.

"ಇನ್ನೂ ಸ್ವಲ್ಪ ಮೇಲೆ," ಎಂದಳು ಸಿಗ್ನೆ, ಮುಖ ಎತ್ತದೆ.

ಸೆಲೆಸ್ಟಿನ್ ಬೆರಳು ಸರಿಸಿದಳು.

"ಇನ್ನೂ ಸ್ವಲ್ಪ. ಹಾಂ, ಅಲ್ಲೇ."