ಲಾರಿಯ ಹಿಂದೆ ನಿಲ್ಲುವವರು

ಬೆಳಗಾದರೆ ಭಾವ ಮಾಡುವ ಮೊದಲ ಕೆಲಸ ಒಂದೇ. ಮುಖ ತೊಳೆದು, ಮೊಣಕೈ ಸವೆದ ಖಾಕಿ ಕೋಟು ತೊಟ್ಟು, ಅಂಗಳದ ಮೂಲೆಯಲ್ಲಿ ನಿಂತಿರುವ ಹಳೆಯ ಮಿಲಿಟರಿ ಲಾರಿಯ ಬಾಗಿಲು ತೆರೆಯುತ್ತಾರೆ. ಸೀಟಿಗೂ ಬ್ರೇಕ್ ಪೆಡಲಿಗೂ ನಡುವೆ ಒಂದು ಹಲಗೆಯ ತುಂಡನ್ನು ಬಿಗಿಯಾಗಿ ಊರಿ, ಕೆಳಗಿಳಿದು, ಎಡಗಾಲನ್ನು ಸ್ವಲ್ಪ ಎಳೆಯುತ್ತಾ ಹಿಂದಕ್ಕೆ ನಡೆದು, ಅಲ್ಲಿರುವ ಕೆಂಪು ದೀಪವನ್ನು ಬಿಸಿಲಿಗೆ ಅಂಗೈ ಮರೆಹಿಡಿದು ನೋಡುತ್ತಾರೆ. ದೀಪ ಹತ್ತಿರುವುದಿಲ್ಲ. ಒಂದು ಕ್ಷಣ ನಿಂತು, ಮತ್ತೆ ಮುಂದಕ್ಕೆ ನಡೆದು, ಹಲಗೆ ತೆಗೆದಿಟ್ಟು ಬಾಗಿಲು ಹಾಕುತ್ತಾರೆ. ಲಾರಿ ಪೊಲೀಸ್ ಠಾಣೆಯಿಂದ ಮನೆಗೆ ಬಂದ ದಿನದಿಂದ ಇದು ತಪ್ಪಿಲ್ಲ. ನನ್ನ ಅಕ್ಕ ತೀರಿಕೊಂಡ ದಿನವೂ ತಪ್ಪಲಿಲ್ಲ.

ಭಾವ ಸೇನೆಯಲ್ಲಿ ಇಪ್ಪತ್ತೆರಡು ವರ್ಷ ಲಾರಿ ಓಡಿಸಿದವರು. ನಿವೃತ್ತರಾದಾಗ, ಓಡಿಸಿದಂಥದ್ದೇ ಒಂದು ಲಾರಿಯನ್ನು ಹರಾಜಿನಲ್ಲಿ ಕೊಂಡು ಇಟ್ಟಿಗೆ ಸಾಗಿಸತೊಡಗಿದರು. ಸೇನೆ ಅವರನ್ನು ಬಿಟ್ಟರೂ ಸೇನೆಯ ನಡೆ ಅವರ ಮೈಯನ್ನು ಬಿಡಲಿಲ್ಲ. ಲಾರಿಗಳ ಸಾಲಿನಲ್ಲಿ ಹೋಗಿ ಹೋಗಿ, ಬೀದಿಯಲ್ಲಿ ನಡೆಯುವಾಗಲೂ ನಿಲ್ಲುವ ಮೊದಲು ಬಲಗೈಯನ್ನು ಪಕ್ಕಕ್ಕೆ ಚಾಚಿ ಮೇಲೆ ಕೆಳಗೆ ಆಡಿಸುತ್ತಿದ್ದರು. ತರಕಾರಿ ಅಂಗಡಿಯ ಮುಂದೆ ನಿಲ್ಲುವುದಕ್ಕೂ ಅದೇ ಸನ್ನೆ.

"ನಡೆಯೋವಾಗಲೂ ಸಿಗ್ನಲ್ ಬೇಕಾ ನಿಮಗೆ? ನಾನೇನು ಬಂದು ಡಿಕ್ಕಿ ಹೊಡೀತೀನಾ?" ಎಂದು ಅಕ್ಕ ಛೇಡಿಸುವಳು.

"ಹೊಡೆದಿಲ್ವಾ? ಮದುವೆಯಾಗಿ ಎಷ್ಟು ವರ್ಷ ಆಯ್ತು!" ಎನ್ನುವರು ಭಾವ. ಅವರು ವರ್ಷಕ್ಕೊಂದು ಹಾಸ್ಯ ಮಾಡಿದರೆ ಹೆಚ್ಚು; ಮಾಡಿದ ಮೇಲೆ ತಪ್ಪು ಮಾಡಿದವರಂತೆ ಕೆಮ್ಮುವರು.

ಮಾತು ಕಡಿಮೆಯಿದ್ದ ಆ ಮನೆಯಲ್ಲಿ ದಿನಕ್ಕೊಮ್ಮೆ ತಪ್ಪದೆ ನಡೆಯುತ್ತಿದ್ದ ಮಾತುಕತೆ ಒಂದೇ. ಲಾರಿ ಹೊರಡುವ ಮೊದಲು ಅಕ್ಕ ಕೈಯಲ್ಲಿ ಪೊರಕೆ ಹಿಡಿದೇ ಅದರ ಹಿಂದೆ ಹೋಗಿ ನಿಲ್ಲಬೇಕು. ಭಾವ ಬ್ರೇಕ್ ಒತ್ತಿ ಕೂಗುವರು: "ಹತ್ತಿತಾ?" ಅಕ್ಕ ಕೂಗುವಳು: "ಹತ್ತಿತು!" ಅವಳ ಬಾಯಿಂದ ಆ ಮಾತು ಬರದೆ ಲಾರಿ ಅಂಗಳ ದಾಟುತ್ತಿರಲಿಲ್ಲ. "ಸಾಲಲ್ಲಿ ಹೋಗೋವಾಗ ಹಿಂದಿನವನ ಜೀವ ನನ್ನ ಪಾದದಲ್ಲಿರುತ್ತೆ" ಎಂದು ಭಾವ ಒಮ್ಮೆ ನನಗೆ ಹೇಳಿದ್ದರು. ಹೆಮ್ಮೆಯಿಂದ ಹೇಳಿದ್ದಲ್ಲ, ಭಾರ ಹೊತ್ತವರು ಭಾರದ ಅಂದಾಜು ಹೇಳುವಂತೆ ಹೇಳಿದ್ದು.

ಆ ದೀಪವನ್ನು ಹತ್ತಿಸುವುದು ಹೆಬ್ಬೆರಳಷ್ಟು ದೊಡ್ಡ ಒಂದು ಹಿತ್ತಾಳೆಯ ಸ್ವಿಚ್ಚು. ಬ್ರೇಕ್ ಎಣ್ಣೆ ಹರಿಯುವ ಕೊಳವೆಗೆ ಅದನ್ನು ತಿರುಗಿಸಿ ಕೂರಿಸಿರುತ್ತಾರೆ. ಪೆಡಲ್ ಒತ್ತಿದಾಗ ಎಣ್ಣೆಯ ಒತ್ತಡಕ್ಕೆ ಅದರೊಳಗಿನ ಎರಡು ತಗಡುಗಳು ಕೂಡಿಕೊಂಡು ಹಿಂದೆ ದೀಪ ಹತ್ತುತ್ತದೆ. ಇದನ್ನೆಲ್ಲ ನಾನು ಕಲಿತದ್ದು ಆಮೇಲೆ, ಕೇಳಬಾರದ ಕಾಲದಲ್ಲಿ.

ಒಂದು ಬೆಳಿಗ್ಗೆ ಎಂದಿನಂತೆ "ಹತ್ತಿತು" ಎಂದಾಯಿತು, ಲಾರಿ ಹೊರಟಿತು. ಇಟ್ಟಿಗೆ ಗೂಡಿನ ತಿರುವಿನಲ್ಲಿ ದಾರಿಗಡ್ಡ ಬಂದ ಹಸುವಿಗಾಗಿ ಭಾವ ಬ್ರೇಕ್ ಹಾಕಿದರು. ಹಿಂದೆ ಮೋಟಾರ್ ಸೈಕಲ್ಲಿನಲ್ಲಿ, ಶಾಲೆಯ ಸಮವಸ್ತ್ರಗಳ ಗಂಟು ಕಟ್ಟಿಕೊಂಡು ಬರುತ್ತಿದ್ದ ದರ್ಜಿಗೆ ಲಾರಿ ನಿಂತದ್ದು ತಿಳಿಯಲಿಲ್ಲ. ದೀಪ ಹತ್ತಿರಲಿಲ್ಲ. ದರ್ಜಿ ಅಲ್ಲಿಯೇ ತೀರಿಕೊಂಡ. ನನ್ನ ರವಿಕೆಗಳನ್ನು ಹೊಲಿಯುತ್ತಿದ್ದವನು ಅವನೇ. ಅಳತೆ ಪಟ್ಟಿಯನ್ನು ಕೊರಳಿನಿಂದ ತೆಗೆಯುವುದೇ ಅವನಿಗೆ ಮರೆತುಹೋಗುತ್ತಿತ್ತು. ಅಂದೂ ಅದು ಕೊರಳಲ್ಲಿಯೇ ಇತ್ತಂತೆ.

ತನಿಖೆಗೆ ಬಂದ ಅಧಿಕಾರಿ ಸ್ವಿಚ್ಚನ್ನು ಬಿಚ್ಚಿ, ಕಪ್ಪಗೆ ಸುಟ್ಟ ತಗಡುಗಳನ್ನು ಬೆಳಕಿಗೆ ಹಿಡಿದು, "ಇದು ಇವತ್ತು ಕೆಟ್ಟಿದ್ದಲ್ಲ. ಹದಿನೈದು ದಿನವಾದರೂ ಆಗಿದೆ. ದಿನಾ ನೋಡ್ತಿದ್ದವರು ಯಾರು?" ಎಂದು ಕೇಳಿದ.

ಭಾವ ಸ್ವಲ್ಪ ಹೊತ್ತು ಆ ತಗಡುಗಳನ್ನೇ ನೋಡಿದರು. ಆಮೇಲೆ ಹೇಳಿದರು: "ನಾನೇ. ಹದಿನೈದು ದಿನದಿಂದ ನೋಡಿಲ್ಲ."

ಅವರು ಸುಳ್ಳು ಹೇಳಿದ್ದನ್ನು ನಾನು ಬೇರೆಂದೂ ಕೇಳಿಲ್ಲ. ಹೇಳಿದ ಒಂದು ಸುಳ್ಳನ್ನೂ ತಮ್ಮ ಜೀವಮಾನದ ಏಕಮಾತ್ರ ಶಿಸ್ತಿನ ಮೇಲೆಯೇ ಹೇಳಿದರು. ಲೈಸೆನ್ಸು ರದ್ದಾಯಿತು. ಇಟ್ಟಿಗೆ ಗೂಡಿನವರು ಅವರನ್ನು ಕಂಡರೆ ಮುಖ ತಿರುಗಿಸಿದರು. "ಮಿಲಿಟರಿಯವನಂತೆ, ಒಂದು ದೀಪ ನೋಡ್ಕೊಳ್ಳೋಕೆ ಆಗ್ಲಿಲ್ಲ" ಎಂದು ಹಾದಿಹೋಕರು ಅವರಿಗೆ ಕೇಳುವಂತೆಯೇ ಅಂದರು. ಭಾವ ಬೀದಿಯಲ್ಲಿ ಕೈ ಚಾಚುವುದನ್ನು ನಿಲ್ಲಿಸಿದರು. ಕೈಯನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡೇ ನಡೆಯತೊಡಗಿದರು.

ನಿಜವನ್ನು ನನಗೆ ಹೇಳಿದವಳು ಅಕ್ಕ. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ವರ್ಷದ ಮೇಲಾಗಿತ್ತು. ಯಾರಿಗೂ ಹೇಳಿರಲಿಲ್ಲ. ಮೊದಮೊದಲು ದೀಪ ಹತ್ತಿದಾಗ ಕೆಂಪಗೆ ಏನೋ ಕದಡಿದಂತಾದರೂ ಕಾಣುತ್ತಿತ್ತು. ಲಾರಿಯ ಬೆನ್ನು ಮೂಡಲಿಗೆ. ಎಳೆಬಿಸಿಲು ಗಾಜಿಗೆ ಬಿದ್ದರೂ ಅದೇ ಕೆಂಪು ಕದಡುತ್ತಿತ್ತು. ಬರಬರುತ್ತಾ ಪೆಡಲಿನ ಕಿರುಗುಟ್ಟುವ ಸದ್ದು ಕೇಳಿದರೆ ಸಾಕು, ಬಾಯಿ ತಾನಾಗಿ ಹೇಳಿಬಿಡುತ್ತಿತ್ತು.

"ಯಾಕಕ್ಕಾ ಹೇಳಲಿಲ್ಲ?" ಎಂದೆ.

"ಹೇಳಿದ್ರೆ ಅಲ್ಲಿ ಬೇರೆ ಯಾರನ್ನಾದ್ರೂ ನಿಲ್ಲಿಸ್ತಿದ್ರು ಕಣೇ" ಎಂದಳು. "ದಿನಕ್ಕೆ ಒಂದು ಸಲ ಅವರು ನನ್ನನ್ನ ಕೇಳ್ತಿದ್ದದ್ದು ಅದೊಂದೇ."

ಕೇಳಿಸಿಕೊಳ್ಳುವುದು ನನಗೆ ಬರುತ್ತದೆ, ಸಮಾಧಾನ ಹೇಳುವುದು ಬರುವುದಿಲ್ಲ.

"ಅವರಿಗೆ ಗೊತ್ತಾಗಿದೆ" ಎಂದು ಮುಂದುವರಿಸಿದಳು. "ತನಿಖೆ ಮುಗಿಸಿ ಬಂದ ದಿನ ಚಹಾದ ಲೋಟನ ಮೇಜಿನ ಮೇಲೆ ಇಡಲಿಲ್ಲ. ನನ್ನ ಬೆರಳು ಬಿಡಿಸಿ ಕೈಯೊಳಗೇ ಇಟ್ರು. ಒಂದು ಮಾತು ಬೈಬಾರದಿತ್ತಾ? ಬೈದಿದ್ರೆ ಬದುಕ್ತಿದ್ದೆ."

ಭಾವ ಬೈಯಲಿಲ್ಲ. ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿದರು. ಕಟ್ಟು ಬಿಚ್ಚಿ ಮನೆಗೆ ಬಂದ ದಿನ ಅಕ್ಕನಿಗೆ ಅಂಗಳದ ಲಾರಿ ನಿಚ್ಚಳವಾಗಿ ಕಂಡಿತು, ಹಿಂದಿನ ಕಬ್ಬಿಣದ ಪಟ್ಟಿ ನಗ್ಗಿದ್ದು ಸಮೇತ. ಅಂದಿನಿಂದ ಆ ಕಡೆಯ ಕಿಟಕಿಯ ಪರದೆಯನ್ನು ಅವಳು ಸರಿಸಲಿಲ್ಲ. ಎರಡು ವರ್ಷ ಆ ಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ನೋವಾಗದಂತೆ ಬದುಕಿದರು. ಅದಕ್ಕಿಂತ ದೊಡ್ಡ ನೋವನ್ನು ನಾನು ಕಂಡಿಲ್ಲ. ಮೂರನೆಯ ವರ್ಷ, ಒಂದು ವಾರದ ಜ್ವರದಲ್ಲಿ ಅಕ್ಕ ಹೋದಳು.

ಅಂಥ ಸ್ವಿಚ್ಚು ಈಗ ಎಲ್ಲಿಯೂ ತಯಾರಾಗುವುದಿಲ್ಲ. ಭಾವ ಅದೇ ಹಳೆಯದನ್ನು ಬಿಚ್ಚಿ, ತಗಡುಗಳನ್ನು ಮರಳುಕಾಗದದಲ್ಲಿ ಉಜ್ಜಿ, ಮತ್ತೆ ಕೂರಿಸಿ, ಎಣ್ಣೆ ತುಂಬಿ, ಕೊಳವೆಯಲ್ಲಿ ಸೇರಿದ ಗಾಳಿಯನ್ನು ತೆಗೆಯುತ್ತಾರೆ. ಒಬ್ಬರು ಪೆಡಲ್ ತುಳಿಯುತ್ತಿರಬೇಕು, ಇನ್ನೊಬ್ಬರು ಚಕ್ರದ ಬಳಿ ತಿರುಪು ಸಡಿಲಿಸಬೇಕು, ಇಬ್ಬರ ಕೆಲಸ. ಭಾವ ಒಬ್ಬರೇ, ಅಲ್ಲಿಗೂ ಇಲ್ಲಿಗೂ ಕಾಲೆಳೆಯುತ್ತಾ, ಇಡೀ ದಿನ ಮಾಡುತ್ತಾರೆ. ಬೆಳಗಾದರೆ ದೀಪ ಹತ್ತುವುದಿಲ್ಲ.

ಹಳೆಯ ಗೆಳೆಯ ಮೆಕ್ಯಾನಿಕ್ ಒಮ್ಮೆ ಬಂದು ಲಾರಿಯ ಕೆಳಗೆ ತೂರಿ ನೋಡಿ, ಮೈಯೆಲ್ಲ ಎಣ್ಣೆ ಮಾಡಿಕೊಂಡು ಎದ್ದ. "ಅದು ಸತ್ತಿದೆ ಕಣಯ್ಯಾ, ಎಷ್ಟು ಉಜ್ಜಿದ್ರೂ ಅಷ್ಟೇ. ಸ್ಟೇರಿಂಗ್ ಪಕ್ಕ ಒಂದು ಗುಂಡಿ ಹಾಕ್ಕೊಡ್ತೀನಿ, ಕೈಯಲ್ಲಿ ಒತ್ತಿದ್ರೆ ದೀಪ ಹತ್ತುತ್ತೆ."

"ಕೈ ಮರೆಯುತ್ತೆ. ಪಾದ ಮರೆಯಲ್ಲ" ಎಂದರು ಭಾವ.

"ಓಡಿಸೋಕೆ ಲೈಸೆನ್ಸೇ ಇಲ್ಲ, ಮರೆತ್ರೆ ಯಾರಿಗೇನಪ್ಪಾ!" ಎಂದು ಗೆಳೆಯ ನಕ್ಕ, ಜೊತೆಗೆ ಯಾರೂ ನಗದಿದ್ದಾಗ ಮುಖ ಒರೆಸಿಕೊಂಡು ಹೊರಟುಹೋದ.

ದಿನವೂ ದೇವರ ಮುಂದೆ ಕೂತಾಗ ನಾನು ದರ್ಜಿಗಾಗಿ, ಅಕ್ಕನಿಗಾಗಿ ಬೇಡಿಕೊಳ್ಳುತ್ತೇನೆ. ಭಾವನಿಗಾಗಿ ಏನು ಬೇಡಬೇಕೆಂದು ತಿಳಿಯದೆ ಕೈ ಮುಗಿದು ಸುಮ್ಮನಿರುತ್ತೇನೆ. ತಪ್ಪು ಮಾಡಿದವರು ದೇವರೆದುರು ಅತ್ತು ಹಗುರಾಗಬಹುದು. ಇನ್ನೊಬ್ಬರ ತಪ್ಪನ್ನು ಪ್ರೀತಿಗಾಗಿ ಹೊತ್ತವರು ಅಲ್ಲಿಯೂ ಬಾಯಿ ತೆರೆಯುವಂತಿಲ್ಲ. ತೆರೆದರೆ ಆ ಇನ್ನೊಬ್ಬರ ಹೆಸರು ಹೇಳಬೇಕಾಗುತ್ತದೆ. ಇಂಥವರನ್ನು ಜನ ಗಟ್ಟಿಗರು ಎನ್ನುತ್ತಾರೆ. ಹತ್ತಿರದಿಂದ ನೋಡಿದರೆ, ಇಳಿಸಲು ಜಾಗ ಸಿಗದೆ ಹೊರೆಯ ಕೆಳಗೆ ನಿಂತೇ ಉಳಿದವರು ಅವರು.

ನಿನ್ನೆ ಬೆಳಿಗ್ಗೆ ನಾನು ಹೋದಾಗ ಭಾವ ಹಲಗೆ ಊರಿ ಲಾರಿಯಿಂದ ಇಳಿಯುತ್ತಿದ್ದರು. ಮೆಟ್ಟಿಲಿಗೆ ಕಾಲು ಎಟುಕದೆ ಎರಡು ಸಲ ತಡವರಿಸಿದರು. ನೋಡಲಾಗಲಿಲ್ಲ.

"ಭಾವ, ನೀವು ಕೂತೇ ಇರಿ. ನಾನು ಹಿಂದೆ ನಿಂತು ನೋಡಿ ಹೇಳ್ತೀನಿ. ದಿನಾ ಬರ್ತೀನಿ ಬೇಕಾದ್ರೆ, ಎರಡು ಮನೆ ಆಚೆಗೆ ತಾನೇ ಇರೋದು."

ಅವರು ಬಾಗಿಲಿನ ಹಿಡಿ ಹಿಡಿದುಕೊಂಡು ನಿಂತರು. ನನ್ನನ್ನು ನೋಡಿದರು. ಅಕ್ಕನ ಮುಖಕ್ಕೂ ನನ್ನ ಮುಖಕ್ಕೂ ಹೋಲಿಕೆಯಿದೆ ಎನ್ನುತ್ತಾರೆ.

"ಬೇಡಮ್ಮ" ಎಂದರು. "ನಿನ್ನ ಕಣ್ಣು ಚೆನ್ನಾಗಿದೆ. ಅದಕ್ಕೇ ಬೇಡ. ಅದು ನಿನ್ನ ಅಕ್ಕ ನಿಲ್ತಿದ್ದ ಜಾಗ."

ಆಮೇಲೆ ಎಡಗಾಲು ಎಳೆಯುತ್ತಾ ಲಾರಿಯ ಹಿಂದಕ್ಕೆ ನಡೆದರು.