ಗೋಡೆಯ ಕಡೆಯ ಕೆನ್ನೆ

ಕಾನ್ರಾಡ್ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ತೀರಿಹೋದ ಹೆಂಡತಿ ಇರ್ಮಾಳ ಬಲಗೆನ್ನೆಯೂ ಮೇಲ್ದುಟಿಯೂ ನುಣ್ಣಗಾಗಿದ್ದವು. ಊರಿನ ಶವಸಂಸ್ಕಾರದ ಕೆಲಸ ನೋಡಿಕೊಳ್ಳುವ ಡೈಕ್ ರೇಜರನ್ನು ಟವೆಲಿನಲ್ಲಿ ಒರೆಸಿ, ಎಡಗೆನ್ನೆಗೆ ನೊರೆ ಹಚ್ಚಲು ಬಗ್ಗಿದ್ದ.

"ನಿಲ್ಸು ಡೈಕ್."

ಮನೆಯಲ್ಲೇ ಉಳಿದಿದ್ದ ಅವಳ ಕನ್ನಡಕ ಕೊಡಲು ಬಂದವನು ಅದನ್ನು ಹಿಡಿದೇ ನಿಂತ.

"ಎಲ್ರಿಗೂ ಮಾಡ್ತೀವಿ ಕಣಯ್ಯ, ಹೆಂಗಸರಿಗೂ. ಇಲ್ದಿದ್ರೆ ಪೌಡರ್ ಕೂರಲ್ಲ." ಡೈಕ್ ಗೋಡೆಗೆ ಸಿಕ್ಕಿಸಿದ್ದ ಫೋಟೋ ತೋರಿಸಿದ. "ಅವರಕ್ಕ ಕೊಟ್ಟಿದ್ದು. ಹೀಗೇ ಕಾಣ್ಬೇಕು ಅಂದ್ರು."

ಫೋಟೋ ಆರು ವರ್ಷ ಹಳೆಯದು, ರಕ್ತದ ಕ್ಯಾನ್ಸರಿಗಿಂತ ಮೊದಲಿನದು.

ಕೊನೆಯ ವಾರ ಇರ್ಮಾ ಕೇಳಿಕೊಂಡದ್ದು ಒಂದೇ: ತನ್ನ ಮುಖಕ್ಕೆ ಯಾರೂ ರೇಜರ್ ಮುಟ್ಟಿಸಬಾರದು. ಯಾವ ಹಾಡು, ಯಾವ ಉಡುಪು, ಎಲ್ಲವನ್ನೂ ಡೈಕ್‌ಗೆ ತಿಳಿಸಿದ್ದ ಕಾನ್ರಾಡ್ ಇದೊಂದನ್ನು ಹೇಳಲು ಮರೆತಿದ್ದ.

ಅಷ್ಟರಲ್ಲಿ ಇರ್ಮಾಳ ಅಕ್ಕ ವರ್ನಾ ಬಂದಳು. ಚರ್ಚಿನ ನೆಲಮಾಳಿಗೆಯಲ್ಲಿ ಸಂಸ್ಕಾರದ ಊಟಕ್ಕೆ ಬನ್ನುಗಳಿಗೆ ಬೆಣ್ಣೆ ಸವರಿ ಬಂದಿದ್ದಳು. ಬಗ್ಗಿ ನೋಡಿದಳು.

"ಈ ಕಡೇದು ಯಾಕೆ ಬಿಟ್ಟೆ?"

"ನಾನೇ ಬೇಡ ಅಂದೆ," ಎಂದ ಕಾನ್ರಾಡ್.

"ಅರ್ಧ ಗಡ್ಡ ಇಟ್ಕೊಂಡು ಚರ್ಚಿಗೆ ಹೋಗ್ಬೇಕಾ ಅವಳು?"

"ಹೋಗ್ತಾಳೆ."

"ನಿನಗೇನು. ಊರವರು ಆಡ್ಕೊಳ್ಳೋದು ನನ್ನನ್ನ. ವರ್ನಾ ಕೊಟ್ಟ ರಕ್ತ, ವರ್ನಾಳ ಅಪ್ಪನ ಗಡ್ಡ ಅಂತಾರೆ."

"ನಿಮ್ಮಪ್ಪ ಅವಳಿಗೂ ಅಪ್ಪನೇ."

ಡೈಕ್ ಕೆಮ್ಮಿ ನಗುವನ್ನು ನುಂಗಿಕೊಂಡ. ವರ್ನಾ ನಗಲಿಲ್ಲ.

"ನಾನು ಕೊಟ್ಟಿದ್ದು ಜೀವ, ಕಾನ್ರಾಡ್. ಜನ ನೋಡಿದ್ದು ಮೀಸೆ."

"ಚರ್ಚಲ್ಲಿ ಎಡಗೆನ್ನೆ ಹೇಗೂ ಗೋಡೆ ಕಡೆ ಬರುತ್ತೆ," ಡೈಕ್ ಮೆಲ್ಲಗೆ ಹೇಳಿದ. "ಜನ ನಿಲ್ಲೋದು ಬಲಕ್ಕೆ. ಯಾರಿಗೂ ಕಾಣಲ್ಲ."

ಇಬ್ಬರಿಗೂ ಸಮಾಧಾನವಾಗಲಿಲ್ಲ. ಇಬ್ಬರೂ ಒಪ್ಪಿದರು.

*

ಕ್ಯಾನ್ಸರಿನ ಚಿಕಿತ್ಸೆಗೆ ಅಕ್ಕ ಕೊಟ್ಟ ಮೂಳೆಮಜ್ಜೆಯ ಜೀವಕೋಶಗಳು ಮೈ ಸೇರಿದ ಮರುವರ್ಷ ಇರ್ಮಾ ಮತ್ತೆ ಶಾಲೆಯ ಬಸ್ಸು ಓಡಿಸತೊಡಗಿದ್ದಳು. ಆ ಹೊತ್ತಿಗೆ ಹುಬ್ಬುಗಳು ಕೂಡಿಕೊಂಡಿದ್ದವು. ಕೆನ್ನೆಯ ಕಪ್ಪು ನವಿರು ಗಲ್ಲದವರೆಗೆ ಇಳಿದಿತ್ತು.

"ನಿಮಗ್ಯಾಕೆ ಗಡ್ಡ ಬಂದಿದೆ?" ಎಂದು ಮುಂದಿನ ಸೀಟಿನ ಹುಡುಗಿಯೊಬ್ಬಳು ಕೇಳಿದ್ದಳು.

"ಚಳಿಗಾಲ ಬಂತಲ್ಲ. ನಿಮ್ಮನೆ ಕುದುರೆಗೂ ಬಂದಿಲ್ವಾ?"

ಒಂದು ಭಾನುವಾರ ವರ್ನಾ ಕೂದಲು ತೆಗೆಯುವ ಕ್ರೀಮ್ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟಳು.

"ನಂದೇ ತಪ್ಪೇನೋ ಅನ್ಸುತ್ತೆ ಕಣೆ."

"ನಿಂದಲ್ಲಕ್ಕಾ, ಮಾತ್ರೇದು. ನಿನ್ನ ಕಣಗಳು ನೆಂಟರ ಥರ ಬಂದು ಮನೆಯವರ ಮೇಲೇ ಕೈ ಮಾಡೋಕೆ ಹೋಗ್ತವೆ. ಅವನ್ನ ಸುಮ್ನಿರಿಸೋಕೆ ಈ ಮಾತ್ರೆ. ಮಾತ್ರೆ ತಗೊಂಡ್ರೆ ಕೂದಲು."

"ತೆಗೆದ್ರೆ ಏನಾಗುತ್ತೆ?"

"ಏನೂ ಆಗಲ್ಲ." ಇರ್ಮಾ ಟ್ಯೂಬನ್ನು ಅಕ್ಕನ ಕೈಚೀಲಕ್ಕೇ ವಾಪಸ್ಸು ಹಾಕಿದಳು. "ನನ್ನ ತಲೆ ಬೋಳಾದಾಗ ನೀನು ಅತ್ತೆ. ಈಗ ಬೆಳೆದ್ರೂ ಅಳ್ತೀಯಾ? ನನ್ನ ಮೈಮೇಲೆ ಬೆಳೆಯೋದು ಯಾವುದನ್ನೂ ಇನ್ಮೇಲೆ ನಾನು ಬಿಸಾಕಲ್ಲ. ನೋಡೋಕಾಗ್ದಿದ್ರೆ ನೀನು ಆ ಕಡೆ ತಿರುಗಿ ಕೂತ್ಕೋ."

ವರ್ನಾ ನಿಜಕ್ಕೂ ತಿರುಗಿ ಕುಳಿತು, ಕಿಟಕಿಯ ಆಚೆಯ ಹಿಮವನ್ನು ನೋಡುತ್ತ ಕಾಫಿ ಕುಡಿದಿದ್ದಳು. ಆಮೇಲೂ ನಾಲ್ಕು ಚಳಿಗಾಲ ಆ ಬಸ್ಸು ಓಡಿತು. ಈ ಮಾರ್ಚಿನಲ್ಲಿ ಬಂದ ನ್ಯುಮೋನಿಯಾ ಮಾತ್ರ ಇಳಿಯಲಿಲ್ಲ.

*

ಚರ್ಚಿನಲ್ಲಿ ಮರದ ಪೆಟ್ಟಿಗೆಯ ಮುಚ್ಚಳವನ್ನು ಪೂರ್ತಿ ತೆಗೆದಿಟ್ಟಿದ್ದರು. ಪೆಟ್ಟಿಗೆಯ ಬಲಕ್ಕೆ ಕಾನ್ರಾಡ್, ಪಕ್ಕದಲ್ಲಿ ವರ್ನಾ ನಿಂತು ಬಂದವರ ಕೈ ಹಿಡಿಯುತ್ತಿದ್ದರು. ಕಾನ್ರಾಡ್ ಹೆಂಡತಿಯ ಮುಖದ ಕಡೆ ನೋಡುತ್ತಿರಲಿಲ್ಲ.

ಆರ್ಗನ್ ನುಡಿಸುವ ಶ್ರೀಮತಿ ಪೆನ್ನರ್ ಬಗ್ಗಿ ನೋಡಿ, ವರ್ನಾಳ ಕೈ ಅದುಮಿದಳು.

"ಎಷ್ಟು ಲಕ್ಷಣವಾಗಿದಾಳೆ. ಕೊನೆಗೂ ನಮ್ಮ ಹಳೇ ಇರ್ಮಾ. ಆ ಐದು ವರ್ಷ ನಡೆದೇ ಇಲ್ವೇನೋ ಅನ್ನೋ ಹಾಗೆ."

"ಯಾವ ಐದು ವರ್ಷ?"

"ಅದೇ, ಆ ಕೂದಲಿನ ಕಾಲ. ಮರೆತುಬಿಡಿ."

ವರ್ನಾ ಕೈ ಬಿಡಿಸಿಕೊಂಡಳು.

"ಅದು ನಾನು ಕೊಟ್ಟ ಐದು ವರ್ಷ ಕಣ್ರೀ."

ಅವಳು ಪೆಟ್ಟಿಗೆಯ ತಲೆಯ ಕಡೆಯಿಂದ ಸುತ್ತಿ ಆಚೆ ಹೋದಳು. ಹೂವಿನ ಸ್ಟ್ಯಾಂಡುಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟಳು. ಗೋಡೆಗೂ ಪೆಟ್ಟಿಗೆಗೂ ನಡುವೆ ಒಬ್ಬರು ಅಡ್ಡಡ್ಡ ನಿಲ್ಲುವಷ್ಟೇ ಜಾಗ. ಅಲ್ಲಿ ನಿಂತು, ತಂಗಿಯ ಎಡಗೆನ್ನೆಯನ್ನು ಮೊದಲು ತಾನು ನೋಡಿದಳು. ಆಮೇಲೆ ಪೆಟ್ಟಿಗೆಯ ಕಾಲಿನ ತುದಿಗೆ ಸರಿದು ಕೈ ಚಾಚಿದಳು.

"ನನ್ನನ್ನ ಮಾತಾಡಿಸೋರು ಈ ಕಡೆ ಬನ್ನಿ."

ಕಾನ್ರಾಡ್ ಅವಳ ಹಿಂದೆಯೇ ಹೋಗಿ ಪಕ್ಕದಲ್ಲಿ ನಿಂತ. ಸಾಲು ತಡೆದು ನಿಂತಿತು. ಶ್ರೀಮತಿ ಪೆನ್ನರ್ ಅತ್ತಿತ್ತ ನೋಡಿ, ಹೊಟ್ಟೆ ಒಳಗೆಳೆದುಕೊಂಡು ಸಂದಿಗೆ ನುಗ್ಗಿದಳು. ಅವಳ ಹಿಂದೆ ಸಾಲು ಬಾಗಿತು. ಒಬ್ಬೊಬ್ಬರಾಗಿ, ಗೋಡೆಗೆ ಬೆನ್ನು ಉಜ್ಜುತ್ತ, ಆ ಕೆನ್ನೆಯ ಎದುರೇ ಜನ ಹಾದುಹೋಗತೊಡಗಿದರು. ಕಪ್ಪು ಕೋಟುಗಳ ಬೆನ್ನಿಗೆಲ್ಲ ಗೋಡೆಯ ಬಿಳಿ ಹತ್ತಿತು.